ಸಂಪಾದಕರ ಉತ್ತರ: ‘ಅವರಿಗೇನು, ಒಂದೇ ಮಾತಿಗೆ ಜ್ಞಾನ ಬಂತು!’

ಓದುಗರ ಪತ್ರ: “ಬುದ್ಧ ಪೂರ್ಣಿಮೆಯ ಸಂಚಿಕೆಯಲ್ಲಿ ಬುದ್ಧನ ಶಿಷ್ಯರ ಕಥೆಗಳನ್ನು ಓದಿದೆ. ಚೆನ್ನಾಗಿವೆ. ಆದರೆ ಅವು ‘ನಮಗೆಲ್ಲ ಸ್ಫೂರ್ತಿ’ ಅಂದಿದ್ದೀರಿ, ಅದು ನನಗೆ ಹಿಡಿಸಲಿಲ್ಲ. ಎಲ್ಲ ಕಥೆಯೂ ಒಂದೇ ಥರ. ಯಾರೋ ಬರುತ್ತಾರೆ, ಬುದ್ಧ ಒಂದು ಮಾತು ಹೇಳುತ್ತಾನೆ, ಅವರು ಅಲ್ಲೇ ಅರಹಂತರು, ಅಂದರೆ ಪೂರ್ತಿ ಬಿಡುಗಡೆ ಪಡೆದವರು, ಆಗುತ್ತಾರೆ. ನಾನು ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ. ಎರಡು ನಿಮಿಷಕ್ಕೆ ಹಾಲು ಉಕ್ಕಿತೇನೋ ಅನ್ನೋ ಯೋಚನೆ. ಇಂಥವಳಿಗೆ ಸಾರಿಪುತ್ತ, ಆನಂದ ಏನು ಸ್ಫೂರ್ತಿ ಕೊಟ್ಟಾರು? ಮೇಲಾಗಿ ಅವರೆಲ್ಲ ಮನೆ ಬಿಟ್ಟು ಹೋದವರು. ಬಿಡದವರ ಗತಿ ಏನು? ಇನ್ನೊಂದು ಸಣ್ಣ ವಿಷಯ: ಮಗ ಭೋಪಾಲಿನಲ್ಲಿದ್ದಾನೆ, ನವೆಂಬರಿನಲ್ಲಿ ಹೋಗುತ್ತಿದ್ದೇನೆ. ಸಾಂಚಿಯಲ್ಲಿ ನೋಡುವಂಥದ್ದು ಏನಿದೆ?”
— ನಿವೃತ್ತ ಶಿಕ್ಷಕಿ, ಸೊರಬ ತಾಲ್ಲೂಕು (ಹೆಸರು ಹಾಕಬೇಡಿ ಎಂದಿದ್ದಾರೆ)

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಹಾಲು ಉಕ್ಕುವ ಸಾಲಿಗೆ ಎಲ್ಲರೂ ನಕ್ಕರು. ಒಬ್ಬರೂ ‘ನನಗೆ ಹಾಗಾಗುವುದಿಲ್ಲ’ ಅನ್ನಲಿಲ್ಲ.

ನೀವು ಹೇಳಿದ ‘ಒಂದೇ ಥರ’ದ ಕಥೆಗಳು ಹೆಚ್ಚಾಗಿ ಅಟ್ಠಕಥೆಗಳಿಂದ ಬಂದವು. ಅಂದರೆ ಮೂಲಕ್ಕೆ ಆಮೇಲೆ ಬರೆದ ವ್ಯಾಖ್ಯಾನಗಳು. ಹಿರಿಯ ಭಿಕ್ಷು, ಭಿಕ್ಷುಣಿಯರ ಪದ್ಯಗಳಾದ ಥೇರಗಾಥೆ, ಥೇರೀಗಾಥೆಗಳಿಗೆ ವ್ಯಾಖ್ಯಾನ ಬರೆದ ಧಮ್ಮಪಾಲ ಬುದ್ಧನಿಗಿಂತ ಹೆಚ್ಚುಕಮ್ಮಿ ಸಾವಿರ ವರ್ಷ ಈಚಿನವನು. ಅಷ್ಟು ಹೊತ್ತಿಗೆ ಕಥೆಗಳು ತುಂಬ ಬಾಯಿ ದಾಟಿ ನುಣ್ಣಗಾಗಿದ್ದವು. ಪ್ರತಿಯೊಬ್ಬ ಶಿಷ್ಯನಿಗೂ ಹಿಂದಿನ ಜನ್ಮಗಳ ಪುಣ್ಯದ ಲೆಕ್ಕ, ಆಮೇಲೆ ಬುದ್ಧನ ಭೇಟಿ, ಕೂಡಲೇ ಬಿಡುಗಡೆ. ಲಕ್ಷ ಕಲ್ಪಗಳ ಪುಣ್ಯ ಕೂಡಿಟ್ಟವರ ಜೊತೆ ನಾವು ಹೇಗೆ ಹೋಲಿಸಿಕೊಳ್ಳೋಣ? ಅಲ್ಲಿ ನಿಮ್ಮ ದೂರು ನ್ಯಾಯವಾದದ್ದೇ.

ಆದರೆ ಈ ಶಿಷ್ಯರದ್ದೇ ಬಾಯಿಂದ ಬಂದವು ಎಂದು ಸಂಪ್ರದಾಯ ಹೇಳುವ ಪದ್ಯಗಳಿವೆ. ಥೇರಗಾಥೆಯಲ್ಲಿ 264 ಭಿಕ್ಷುಗಳವು, ಥೇರೀಗಾಥೆಯಲ್ಲಿ 73 ಭಿಕ್ಷುಣಿಯರವು. ಕೆಲವು ಒಂದೇ ಪದ್ಯ, ಕೆಲವು ಉದ್ದ. ಒಮ್ಮೆ ಇವನ್ನು ತೆಗೆದು ನೋಡಿ. ನಿಮ್ಮ ಪತ್ರದಲ್ಲಿರುವ ಮಾತೇ ಅಲ್ಲೂ ಇದೆ.

ಹೆಸರೇ ಗೊತ್ತಿಲ್ಲದ ಒಬ್ಬ ಭಿಕ್ಷುಣಿಯದು ಕೇಳಿ. ಸುಮಾರಾಗಿ ಅವಳ ಮಾತು ಹೀಗಿದೆ: ಮನೆ ಬಿಟ್ಟು ಬಂದು 25 ವರ್ಷ ಆಯಿತು, ಚಿಟಿಕೆ ಹೊಡೆಯುವಷ್ಟು ಹೊತ್ತೂ ನನ್ನ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ, ಆಸೆಯಲ್ಲಿ ತೊಯ್ದುಹೋಗಿ, ಎರಡೂ ತೋಳು ಚಾಚಿ ಗೋಳಾಡುತ್ತ ವಿಹಾರದೊಳಗೆ ನುಗ್ಗಿದೆ. 25 ವರ್ಷ, ಮೇಡಂ! ಅದೂ ಹಗಲು ರಾತ್ರಿ ಬೇರೆ ಕಸುಬಿಲ್ಲದೆ ಇದೇ ಕೆಲಸ ಮಾಡಿಕೊಂಡು ಇದ್ದವಳು. ಆಮೇಲೆ ಅವಳು ಏನು ಮಾಡಿದಳು? ತಾನು ನಂಬಬಹುದಾದ ಇನ್ನೊಬ್ಬ ಭಿಕ್ಷುಣಿಯ ಹತ್ತಿರ ಹೋಗಿ ಕೂತಳು. ಆಕೆ ಹೇಳಿದ್ದನ್ನು ಕೇಳಿದಳು. ಅಷ್ಟೇ. ಬುದ್ಧ ಪ್ರತ್ಯಕ್ಷವಾಗಲಿಲ್ಲ, ಬೆಳಕು ಚಿಮ್ಮಲಿಲ್ಲ. ಸಾಮಾ ಎಂಬ ಇನ್ನೊಬ್ಬಳೂ ಇದ್ದಾಳೆ. ನಾಲ್ಕು ಸಲ, ಐದು ಸಲ ವಿಹಾರ ಬಿಟ್ಟು ಹೊರಗೆ ಬಿದ್ದೆ, ಮನಸ್ಸು ಹಿಡಿತಕ್ಕೆ ಬರಲಿಲ್ಲ ಅನ್ನುತ್ತಾಳೆ. ಇಂಥ ಪದ್ಯಗಳನ್ನು ಸಂಘದವರು ಮುಚ್ಚಿಡಬಹುದಿತ್ತು. ಮುಚ್ಚಿಡದೆ ಬಾಯಿಪಾಠ ಮಾಡಿ, ತಲೆಮಾರುಗಟ್ಟಲೆ ಹೇಳಿಕೊಂಡು ಬಂದು, ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಓಲೆಗರಿಯ ಮೇಲೆ ಬರೆದಿಟ್ಟರು. ನನಗೆ ಸ್ಫೂರ್ತಿ ಎನಿಸುವುದು ಇದು. ಅವರು ಮುಟ್ಟಿದ ಗುರಿ ಜಾಸ್ತಿ ಅಲ್ಲ, ಮುಟ್ಟದೇ ಇದ್ದಾಗಿನ ವರ್ಷಗಳನ್ನು ನಾಚಿಕೆಯಿಲ್ಲದೆ ಹೇಳಿಕೊಂಡದ್ದು.

ಪಟಾಚಾರೆಯ ಕಥೆ ಆ ಸಂಚಿಕೆಯಲ್ಲಿ ಓದಿದ್ದೀರಿ. ಸಾವತ್ಥಿಯ (ಶ್ರಾವಸ್ತಿಯ) ಶ್ರೀಮಂತರ ಮಗಳು, ಮನೆಯ ಆಳಿನ ಜೊತೆ ಓಡಿಹೋದವಳು. ಗಂಡ ಹಾವು ಕಚ್ಚಿ ಸತ್ತ. ಹಸುಗೂಸನ್ನು ಹದ್ದು ಹೊತ್ತೊಯ್ಯಿತು, ದೊಡ್ಡ ಮಗ ಹೊಳೆಯಲ್ಲಿ ಕೊಚ್ಚಿಹೋದ. ತವರಿಗೆ ಬಂದರೆ ಮನೆ ಕುಸಿದು ಅಪ್ಪ, ಅಮ್ಮ, ಅಣ್ಣ ಒಂದೇ ಚಿತೆಯಲ್ಲಿ. ಹುಚ್ಚಿಯಾಗಿ ಅಲೆದಳು. ಇದೆಲ್ಲ ಅಟ್ಠಕಥೆ ಹೇಳುವುದು. ಆದರೆ ಥೇರೀಗಾಥೆಯಲ್ಲಿರುವ ಅವಳದೇ ಐದು ಪದ್ಯಗಳಲ್ಲಿ ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಹೊಳೆಯೂ ಇಲ್ಲ. ಅಲ್ಲಿರುವುದು ಒಂದು ಪ್ರಶ್ನೆ. ಜನ ಹೊಲ ಉಳುತ್ತಾರೆ, ಬೀಜ ಬಿತ್ತುತ್ತಾರೆ, ದುಡ್ಡು ಮಾಡಿ ಹೆಂಡತಿ ಮಕ್ಕಳನ್ನು ಸಾಕುತ್ತಾರೆ. ನಾನು ಶೀಲ ತಪ್ಪಿಲ್ಲ, ಗುರು ಹೇಳಿದಂತೆ ನಡೆದಿದ್ದೇನೆ, ಸೋಮಾರಿಯೂ ಅಲ್ಲ, ಜಂಭದವಳೂ ಅಲ್ಲ. ಮತ್ತೆ ನನಗೇಕೆ ಸಿಗಲಿಲ್ಲ? ಬಿತ್ತಿದವನಿಗೆ ಬೆಳೆ ಬರುತ್ತದೆ, ನನಗೇಕಿಲ್ಲ ಅನ್ನುವ ಈ ಹೊಟ್ಟೆಯುರಿ ಎಷ್ಟು ನಮ್ಮದು ಅಲ್ವಾ?

ಆಮೇಲಿನದು ಇನ್ನೂ ಚೆಂದ. ಅವಳು ಕಾಲು ತೊಳೆಯುತ್ತಾಳೆ. ಕಾಲಿಂದ ಇಳಿದ ನೀರು ಎತ್ತರದಿಂದ ತಗ್ಗಿಗೆ ಹರಿಯುವುದನ್ನು ನೋಡುತ್ತಾಳೆ. ಅಲ್ಲಿ ಮನಸ್ಸು ಸ್ವಲ್ಪ ನಿಲ್ಲುತ್ತದೆ. ದೀಪ ಹಿಡಿದು ಕೋಣೆಗೆ ಹೋಗುತ್ತಾಳೆ. ಹಾಸಿಗೆ ಸರಿ ಇದೆಯಾ ಎಂದು ನೋಡಿ ಮಂಚದ ಮೇಲೆ ಕೂರುತ್ತಾಳೆ. ಸೂಜಿಯಿಂದ ಬತ್ತಿಯನ್ನು ಕೆಳಕ್ಕೆ ಎಳೆಯುತ್ತಾಳೆ. ದೀಪ ಆರುತ್ತದೆ, ಅದರ ಜೊತೆಗೇ ಮನಸ್ಸಿನ ಬಿಡುಗಡೆ ಆಯಿತು ಅನ್ನುತ್ತಾಳೆ. ದಿನದ ಕೆಲಸ ಮುಗಿಸಿ ಮಲಗಲು ಹೊರಟ ಹೆಂಗಸು ಮಾಡುವಷ್ಟೇ ಕೆಲಸ. ಗುಡಿಯೂ ಇಲ್ಲ, ಬೋಧಿವೃಕ್ಷವೂ ಇಲ್ಲ. ಕಾಲು ತೊಳೆಯುವಾಗ ಕಾಲು ತೊಳೆಯುವುದನ್ನೇ ನೋಡಿದಳು, ಅಷ್ಟೇ ವ್ಯತ್ಯಾಸ. ನಿಮ್ಮ ಹಾಲಿನ ಬಗ್ಗೆ ನಾನು ಹೇಳಬಹುದಾದದ್ದೂ ಅಷ್ಟೇ.

ಕಿಸಾ ಗೋತಮಿಯ ವಿಷಯದಲ್ಲಿ ಇನ್ನೂ ಮಜಾ ಇದೆ. ‘ಸಾವಿಲ್ಲದ ಮನೆಯ ಸಾಸಿವೆ’ ನಮ್ಮಲ್ಲಿ ಗಾದೆಯಷ್ಟೇ ಬಳಕೆಯಾಗಿರುವ ಮಾತು. ಅವಳ ಹೆಸರಿನಲ್ಲಿರುವ ಪದ್ಯಗಳಲ್ಲಿ ಮಾತ್ರ ಸಾಸಿವೆಯೇ ಇಲ್ಲ! ಅವು ಶುರುವಾಗುವುದು ಒಳ್ಳೆಯ ಗೆಳೆಯರು ಇರಬೇಕು ಎಂಬ ಮಾತಿನಿಂದ. ಹೆಂಗಸಾಗಿ ಹುಟ್ಟುವುದೇ ದುಃಖ, ಸವತಿಯ ಜೊತೆ ಬಾಳುವುದು ದುಃಖ, ಕೆಲವರು ಒಂದೇ ಹೆರಿಗೆಗೆ ಗಂಟಲು ಕೊಯ್ದುಕೊಳ್ಳುತ್ತಾರೆ ಎಂದು ಮುಂದುವರಿಯುತ್ತವೆ. ನಡುವೆ ದಾರಿಯಲ್ಲಿ ಗಂಡ ಸತ್ತದ್ದು, ಇಬ್ಬರು ಮಕ್ಕಳು ಸತ್ತದ್ದು, ಒಂದೇ ಚಿತೆಯಲ್ಲಿ ಅಪ್ಪ ಅಮ್ಮ ಅಣ್ಣ ಉರಿದದ್ದು ಬರುತ್ತದೆ. ಅಂದರೆ ಪಟಾಚಾರೆಯ ಕಥೆ! ಒಬ್ಬಳ ಸಂಕಟ ಇನ್ನೊಬ್ಬಳ ಪದ್ಯಕ್ಕೆ ಹೇಗೆ ಬಂತು ಎಂದು ಪಂಡಿತರು ಚರ್ಚೆ ಮಾಡುತ್ತಾರೆ. ಮಾಡಲಿ. ಮಕ್ಕಳನ್ನು ಮಣ್ಣು ಮಾಡಿ ಬಂದ ಹೆಂಗಸರು ಒಟ್ಟಿಗೆ ಕೂತ ಕಡೆ ಕಥೆಗಳು ಬೆರೆಯದೆ ಇರುತ್ತವೆಯೇ ಎಂದು ನನಗಂತೂ ಅನಿಸುತ್ತದೆ.

ನೀವು ಮೇಷ್ಟ್ರಾಗಿದ್ದವರು, ಆದ್ದರಿಂದ ಚೂಳಪಂಥಕನನ್ನು ಬಿಡುವ ಹಾಗಿಲ್ಲ. ನಾಲ್ಕು ಸಾಲಿನ ಒಂದು ಪದ್ಯವನ್ನು ನಾಲ್ಕು ತಿಂಗಳಾದರೂ ಕಲಿಯಲಾರದ ಹುಡುಗ. ಹೊಸ ಸಾಲು ಕಲಿತರೆ ಹಳೆಯದು ಮರೆತುಹೋಗುತ್ತಿತ್ತಂತೆ. ಅವನ ಅಣ್ಣ ಮಹಾಪಂಥಕನೂ ಭಿಕ್ಷು, ಓದಿನಲ್ಲಿ ಗಟ್ಟಿಗ. ನಿನ್ನಿಂದಾಗದು, ಮನೆಗೆ ಹೋಗು ಎಂದುಬಿಟ್ಟ. ಇಲ್ಲಿವರೆಗೆ ಅಟ್ಠಕಥೆ. ಈಗ ಅವನದೇ ಪದ್ಯ: ನನ್ನ ನಡೆ ಮಂದವಾಗಿತ್ತು, ಎಲ್ಲರೂ ಹೀನಾಯ ಮಾಡುತ್ತಿದ್ದರು, ಅಣ್ಣನೇ ನನ್ನನ್ನು ಹೊರಹಾಕಿದ. ವಿಹಾರದ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದನಂತೆ, ಒಳಗಿನ ಆಸೆ ಬಿಡದೆ. ಬುದ್ಧ ಬಂದ. ತಲೆ ನೇವರಿಸಿದ. ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಕಾಲೊರೆಸುವ ಒಂದು ಬಟ್ಟೆ ಕೊಟ್ಟು, ಒಂದು ಕಡೆ ಕೂತು ಇದರ ಮೇಲೆ ಮನಸ್ಸಿಡು ಎಂದ. ಬಟ್ಟೆ ಕೈಯಲ್ಲಿ ಉಜ್ಜಿ ಉಜ್ಜಿ ಕೊಳೆಯಾಯಿತು, ಅದನ್ನು ನೋಡುತ್ತ ಅವನಿಗೆ ಹೊಳೆಯಿತು ಎಂದು ಅಟ್ಠಕಥೆ ಕಥೆ ಮುಗಿಸುತ್ತದೆ. ನನ್ನ ಕಣ್ಣು ನಿಲ್ಲುವುದು ಆ ಬಾಗಿಲ ಬಳಿ. ಬಾಯಿಪಾಠವೇ ವಿದ್ಯೆ ಎಂದಿದ್ದ ಕಾಲದಲ್ಲಿ, ಬಾಯಿಪಾಠ ಬಾರದವನಿಗೆ ಬೇರೆ ಪಾಠ ಹುಡುಕಿದ ಗುರು. ನಿಮ್ಮ ಸರ್ವೀಸಿನಲ್ಲಿ ಹಿಂದಿನ ಬೆಂಚಿನ ಎಷ್ಟು ಪಂಥಕರನ್ನು ಕಂಡಿದ್ದೀರೋ ನಿಮಗೇ ಗೊತ್ತು.

ಇನ್ನು ‘ಅರಹಂತರಾದ ಮೇಲೆ ಎಲ್ಲ ಸರಿಹೋಯಿತು’ ಎಂಬ ಮಾತು. ಅದೂ ಅಷ್ಟು ಸಲೀಸಲ್ಲ. ಪಿಲಿಂದವಚ್ಛ ಎಂಬ ಭಿಕ್ಷು ಇದ್ದ. ಯಾರನ್ನು ಕರೆದರೂ ‘ಎಲಾ ಕೀಳು ಜಾತಿಯವನೇ’ ಎಂದೇ ಕರೆಯುತ್ತಿದ್ದ. ಜೊತೆಯವರು ಬೇಸತ್ತು ಬುದ್ಧನ ಹತ್ತಿರ ದೂರು ಒಯ್ದರು. ಬುದ್ಧ ಅವನನ್ನು ಕರೆಸಿ ಕೇಳಿದ. ಹೌದು ಎಂದ. ಬುದ್ಧ ಹೇಳಿದ್ದು: ಇವನ ಮನಸ್ಸಿನಲ್ಲಿ ದ್ವೇಷ ಇಲ್ಲ. 500 ಜನ್ಮ ಬ್ರಾಹ್ಮಣರ ಮನೆಯಲ್ಲೇ ಹುಟ್ಟಿದ್ದಾನೆ, ನಾಲಿಗೆಗೆ ಅಂಟಿದ್ದು ಹೋಗಿಲ್ಲ. ಮನಸ್ಸು ಗೆದ್ದವನಿಗೂ ನಾಲಿಗೆ ಗೆಲ್ಲಲಾಗಿರಲಿಲ್ಲ! ಜಾತಿಯ ಸೊಕ್ಕು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಕಥೆ ನಾನು ಕಂಡಿಲ್ಲ. ಅದೇ ಸಂಘದಲ್ಲಿ ಶಾಕ್ಯ ರಾಜಕುಮಾರರು, ನಮ್ಮ ಜಂಭ ಇಳಿಯಲಿ ಎಂದು, ತಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿ ಅವನಿಗೆ ಕೈಮುಗಿದರು. ಬಾಡಿದ ಹೂ ಗುಡಿಸುತ್ತಿದ್ದ ಸುನೀತ, ಹೊತ್ತಿದ್ದ ಅಡ್ಡೆಯನ್ನು ದಾರಿಯಲ್ಲೇ ಇಳಿಸಿ ಬುದ್ಧನ ಹಿಂದೆ ನಡೆದ. ಇವರ ನಡುವೆಯೇ ಪಿಲಿಂದವಚ್ಛನೂ ಇದ್ದ.

ಅಂಗುಲಿಮಾಲನ ಕಥೆಯಲ್ಲಿ ಎಲ್ಲರೂ ಬೆರಳಿನ ಹಾರದವರೆಗೆ ಹೇಳಿ, ‘ನಾನು ನಿಂತಿದ್ದೇನೆ, ನೀನೂ ನಿಲ್ಲು’ ಎಂಬಲ್ಲಿಗೆ ಮುಗಿಸಿಬಿಡುತ್ತಾರೆ. ಮುಂದಿನದು ಯಾರಿಗೂ ಬೇಡ. ಸಾವತ್ಥಿಯಲ್ಲಿ ಭಿಕ್ಷೆಗೆ ಹೋದಾಗ ಒಬ್ಬರ ಮಣ್ಣುಹೆಂಟೆ, ಒಬ್ಬರ ಕೋಲು, ಒಬ್ಬರ ಕಲ್ಲು ಬಂದು ಬಡಿಯುತ್ತಿತ್ತು. ತಲೆ ಒಡೆದು, ಪಾತ್ರೆ ಚೂರಾಗಿ, ಚೀವರ ಹರಿದು ಬರುತ್ತಿದ್ದ. ಬುದ್ಧ ಯಾರನ್ನೂ ಗದರಲಿಲ್ಲ, ಪವಾಡ ಮಾಡಲಿಲ್ಲ. ‘ತಾಳಿಕೋ’ ಎಂದ. ಕೊಂದವನು ಬದಲಾದ ಅಂದಮಾತ್ರಕ್ಕೆ ಸತ್ತವರ ಮನೆಯವರು ಮರೆಯಬೇಕು ಎಂದು ಈ ಕಥೆ ಇರುವ ಸುತ್ತ (ಬುದ್ಧನ ಉಪದೇಶದ ಪಾಠ) ಎಲ್ಲೂ ಹೇಳುವುದಿಲ್ಲ. ಇದೇ ಮನುಷ್ಯ ಹೆರಿಗೆ ಕಷ್ಟವಾಗಿದ್ದ ಹೆಂಗಸಿಗೆ ಹೇಳಿದ ಸತ್ಯವಚನವನ್ನು ಶ್ರೀಲಂಕಾ, ಬರ್ಮಾದ ಕಡೆ ಇವತ್ತಿಗೂ ಗರ್ಭಿಣಿಯರಿಗಾಗಿ ಪಠಿಸುತ್ತಾರೆ.

ಆನಂದ ನಿಮಗೆ ದೂರದವನು ಎನಿಸಿದ್ದು ನನಗೆ ಆಶ್ಚರ್ಯ. ಎಲ್ಲರಿಗಿಂತ ಹತ್ತಿರದವನು ಅವನೇ. 25 ವರ್ಷ ಬುದ್ಧನ ನೆರಳಿನಂತೆ ಇದ್ದು, ಕೇಳಿದ್ದೆಲ್ಲ ನೆನಪಿಟ್ಟುಕೊಂಡು, ತಾನು ಮಾತ್ರ ಅರಹಂತನಾಗದೆ ಉಳಿದವನು. ಕುಸಿನಾರೆಯಲ್ಲಿ ಬುದ್ಧ ಇನ್ನಿರುವುದಿಲ್ಲ ಎಂದು ಗೊತ್ತಾದಾಗ ಬಾಗಿಲ ಚೌಕಟ್ಟು ಹಿಡಿದು ಅತ್ತ: ನಾನಿನ್ನೂ ಕಲಿಯುವವನು, ನನ್ನ ಮೇಲೆ ಕರುಣೆ ಇದ್ದ ಗುರು ಹೊರಟನಲ್ಲ ಎಂದು. ಅದಕ್ಕೂ ಮೊದಲು ಸಾರಿಪುತ್ತ ತೀರಿಕೊಂಡ ಸುದ್ದಿ ಬಂದಾಗ, ದಿಕ್ಕೇ ತೋಚುತ್ತಿಲ್ಲ ಎಂದಿದ್ದ. ಸಾರಿಪುತ್ತ ಹೋಗುವಾಗ ನಿನ್ನ ಶೀಲ, ಸಮಾಧಿ, ಪ್ರಜ್ಞೆಗಳನ್ನು ಹೊತ್ತುಕೊಂಡು ಹೋದನೇ ಎಂದು ಬುದ್ಧ ಕೇಳಿದ. ಇಲ್ಲ ಸ್ವಾಮಿ, ಆದರೆ ಅವನು ನಮಗೆ ಎಷ್ಟು ಆಸರೆಯಾಗಿದ್ದ ಎಂದ ಆನಂದ. ಗುರುವಿನ ಪ್ರಶ್ನೆಗೆ ಸರಿಯಾದ ಉತ್ತರವನ್ನೂ ಕೊಟ್ಟ, ದುಃಖವನ್ನೂ ಬಿಟ್ಟುಕೊಡಲಿಲ್ಲ.

ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಸಂಗೀತಿ, ಅಂದರೆ ಅವನ ಉಪದೇಶಗಳನ್ನು ಒಟ್ಟಿಗೆ ಹೇಳಿ ಒಪ್ಪಿಕೊಳ್ಳುವ ಭಿಕ್ಷುಗಳ ಸಭೆ, ಸೇರಿತು. ಎಲ್ಲರೂ ಅರಹಂತರು, ಆನಂದನೊಬ್ಬ ಅಲ್ಲ. ನಾಳೆ ಸಭೆ, ಹೀಗೇ ಹೋಗುವುದು ಸರಿಯಲ್ಲ ಎಂದು ರಾತ್ರಿಯೆಲ್ಲ ಸಾಧನೆ ಮಾಡಿದ. ಆಗಲಿಲ್ಲ. ಬೆಳಗಿನ ಜಾವ ಸ್ವಲ್ಪ ಅಡ್ಡಾಗೋಣ ಎಂದು ಮೈ ಚೆಲ್ಲಿದ. ಕಾಲು ನೆಲ ಬಿಟ್ಟಿತ್ತು, ತಲೆ ಇನ್ನೂ ದಿಂಬು ಮುಟ್ಟಿರಲಿಲ್ಲ, ಆ ನಡುವೆ ಆಯಿತು. ಸಭೆಯಲ್ಲಿ ಏನಾಯಿತು ಗೊತ್ತಾ? ಸುತ್ತಗಳನ್ನೆಲ್ಲ ಹೇಳಿ ಮುಗಿಸಿದವನನ್ನೇ ಹಿರಿಯರು ತರಾಟೆಗೆ ತೆಗೆದುಕೊಂಡರು. ಬುದ್ಧನ ಬಟ್ಟೆ ಹೊಲಿಯುವಾಗ ತುಳಿದೆ ಎಂದು, ಹೆಂಗಸರಿಗೆ ಮೊದಲು ದೇಹದ ದರ್ಶನ ಮಾಡಿಸಿದೆ, ಅವರ ಕಣ್ಣೀರು ತಾಗಿತು ಎಂದು, ಹೆಂಗಸರಿಗೆ ದೀಕ್ಷೆ ಕೊಡಿಸಲು ಓಡಾಡಿದೆ ಎಂದು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಆದರೂ ಹಿರಿಯರ ಮಾತೆಂದು ಒಪ್ಪುತ್ತೇನೆ ಎಂದ ಆನಂದ. ಇಷ್ಟು ನಯವಾದ, ಇಷ್ಟು ಗಟ್ಟಿ ಉತ್ತರ ಸಮಿತಿಗಳಲ್ಲಿ ಕೇಳಿಬರುವುದು ಅಪರೂಪ. ಥೇರಗಾಥೆಯಲ್ಲಿ ಅವನ ಮುಪ್ಪಿನ ಪದ್ಯವೊಂದಿದೆ: ಹಳಬರು ಹೋಗಿಬಿಟ್ಟರು, ಹೊಸಬರ ಜೊತೆ ನನಗೆ ಹೊಂದುವುದಿಲ್ಲ, ಇವತ್ತು ಒಬ್ಬನೇ ಧ್ಯಾನಕ್ಕೆ ಕೂತಿದ್ದೇನೆ, ಮಳೆಗೆ ಗೂಡು ಸೇರಿದ ಹಕ್ಕಿಯ ಹಾಗೆ. ಸ್ಟಾಫ್ ರೂಮು ಬಿಟ್ಟು ಬಂದ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಮನೆ ಬಿಡದವರ ಗತಿ ಏನು ಎಂದಿರಿ. ಮೊದಲು ಒಂದು ಮಾತು. ಈ ಶಿಷ್ಯರೆಲ್ಲರನ್ನೂ ಮೆಚ್ಚಲೇಬೇಕು ಎಂದೇನೂ ಇಲ್ಲ. ಸಂಗಾಮಜಿ ಎಂಬ ಭಿಕ್ಷು ಮರದ ಕೆಳಗೆ ಕೂತಿದ್ದಾಗ ಬಿಟ್ಟುಬಂದ ಹೆಂಡತಿ ಮಗುವನ್ನು ತಂದು, ನಮ್ಮನ್ನು ಸಾಕು ಎಂದು ಕೇಳುತ್ತಾಳೆ. ಮಗುವನ್ನು ಮುಂದೆ ಇಟ್ಟು ಸ್ವಲ್ಪ ದೂರ ಹೋಗಿ ತಿರುಗಿ ನೋಡುತ್ತಾಳೆ. ಅವನು ಮಗುವನ್ನು ನೋಡುವುದೂ ಇಲ್ಲ, ಮಾತಾಡುವುದೂ ಇಲ್ಲ. ಅವಳು ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಬುದ್ಧ ಅವನನ್ನು ಹೊಗಳಿದ ಎಂದು ‘ಉದಾನ’ ಎಂಬ ಪಾಲಿ ಗ್ರಂಥದಲ್ಲಿದೆ. ನನಗೆ ಈ ಕಥೆ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಯಲೇಬೇಕು ಎಂದು ನಿಮಗೂ ಹೇಳುವುದಿಲ್ಲ.

ನಾನು ನಿಮಗೆ ಕೊಡುವುದು ನಕುಲಮಾತೆಯನ್ನು. ಭಗ್ಗ ದೇಶದ ಸುಂಸುಮಾರಗಿರಿಯ ಗೃಹಿಣಿ. ಗಂಡ ನಕುಲಪಿತ ಸಾಯುವಷ್ಟು ಕಾಯಿಲೆ ಬಿದ್ದ. ಅವಳು ಪಕ್ಕದಲ್ಲಿ ಕೂತು ಹೇಳಿದಳು: ಕೊರಗಿಟ್ಟುಕೊಂಡು ಸಾಯಬೇಡ. ನೀನು ಹೋದ ಮೇಲೆ ಮಕ್ಕಳ ಗತಿ ಏನು ಎಂಬ ಚಿಂತೆಯೇ? ನನಗೆ ಹತ್ತಿ ನೂಲಲು ಬರುತ್ತದೆ, ಉಣ್ಣೆ ಹಿಕ್ಕಲು ಬರುತ್ತದೆ, ಮಕ್ಕಳನ್ನೂ ಸಾಕುತ್ತೇನೆ, ಮನೆಯನ್ನೂ ನಡೆಸುತ್ತೇನೆ. ಹೀಗೆ ಅವನ ಒಂದೊಂದೇ ಚಿಂತೆ ತೆಗೆದು ಉತ್ತರ ಕೊಟ್ಟಳು. ಕೇಳುತ್ತ ಕೇಳುತ್ತ ಅವನ ಕಾಯಿಲೆ ಇಳಿಯಿತು. ಕೋಲೂರಿಕೊಂಡು ಬುದ್ಧನನ್ನು ನೋಡಲು ಹೋದ. ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದ ಬುದ್ಧ. ನೂಲುವುದು, ಹಿಕ್ಕುವುದು, ಮಕ್ಕಳ ಚಿಂತೆ, ಇದೆಲ್ಲ ಸೇರಿಯೇ ಒಂದು ಸುತ್ತ ಆಗಿದೆ. ಕೌಶಾಂಬಿಯ ಖುಜ್ಜುತ್ತರೆಯೂ ಇದ್ದಾಳೆ. ಗೂನು ಬೆನ್ನಿನ ದಾಸಿ. ರಾಣಿ ಹೂವಿಗೆ ಕೊಟ್ಟ ದುಡ್ಡಿನಲ್ಲಿ ದಿನಾ ಅರ್ಧ ಹೊಡೆಯುತ್ತಿದ್ದಳು. ಒಂದು ದಿನ ಬುದ್ಧನ ಮಾತು ಕೇಳಿ ಬಂದು ಪೂರ್ತಿ ಹೂ ತಂದಳು, ಕಳ್ಳತನ ಒಪ್ಪಿಕೊಂಡಳು. ಆಮೇಲೆ ದಿನಾ ಹೋಗಿ ಕೇಳಿ ಬಂದು ಅರಮನೆಯ ಹೆಂಗಸರಿಗೆ ಹೇಳುತ್ತಿದ್ದಳು. ಇತಿವುತ್ತಕ ಎಂಬ ಗ್ರಂಥದ ಸುತ್ತಗಳು ಉಳಿದದ್ದು ಅವಳ ನೆನಪಿನಿಂದ ಎಂದು ಸಂಪ್ರದಾಯ.

ನಿಮ್ಮೂರಿಗೂ ಇದಕ್ಕೂ ಒಂದು ನಂಟಿದೆ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು ವನವಾಸಿಗೆ ಕಳಿಸಿದರು ಎಂದು ಶ್ರೀಲಂಕಾದ ಮಹಾವಂಸ ಹೇಳುತ್ತದೆ. ಅಂದರೆ ನಿಮ್ಮ ಪಕ್ಕದ ಬನವಾಸಿ ಸೀಮೆ. ಅಲ್ಲಿ ಅವನು ಹೇಳಿದ್ದು ಅನಮತಗ್ಗ ಸಂಯುತ್ತ, ಅಂದರೆ ಮೊದಲೇ ಗೊತ್ತಾಗದ ಹುಟ್ಟುಸಾವುಗಳ ಅಲೆದಾಟದ ಬಗೆಗಿನ ಸುತ್ತಗಳು. ಇಷ್ಟು ಜನ್ಮಗಳಲ್ಲಿ ನೀವು ಸುರಿಸಿದ ಕಣ್ಣೀರು ನಾಲ್ಕು ಸಮುದ್ರದ ನೀರಿಗಿಂತ ಜಾಸ್ತಿ ಎಂಬ ಮಾತು ಬರುವುದು ಅದರಲ್ಲೇ. ಹುಚ್ಚಿಯಾಗಿ ಬಂದ ಪಟಾಚಾರೆಗೆ ಬುದ್ಧ ಹೇಳಿದ್ದೂ ಇದನ್ನೇ ಎನ್ನುತ್ತದೆ ಅಟ್ಠಕಥೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತೀರಿ, ಗೊತ್ತು. ಎಲ್ಲರನ್ನೂ ಒಂದೇ ಸಲ ಓದಬೇಡಿ. ಒಬ್ಬರನ್ನು ಹಿಡಿಯಿರಿ, ಒಂದು ತಿಂಗಳು ಅವರ ಜೊತೆ ಇರಿ. ಅಶೋಕ ರಾಜಸ್ಥಾನದ ಬೈರಾಟದ ಶಾಸನದಲ್ಲಿ ಭಿಕ್ಷು, ಭಿಕ್ಷುಣಿ, ಗೃಹಸ್ಥರೆಲ್ಲ ಮತ್ತೆ ಮತ್ತೆ ಕೇಳಬೇಕು ಎಂದು ಆರಿಸಿದ್ದು ಬರೀ ಏಳು ಪಾಠ. ಅದರಲ್ಲಿ ಒಂದು ಉಪತಿಸ್ಸನ ಪ್ರಶ್ನೆ, ಅಂದರೆ ನಮ್ಮ ಸಾರಿಪುತ್ತನದು. ಇನ್ನೊಂದು ಸುಳ್ಳಿನ ಬಗ್ಗೆ ಬುದ್ಧ ಮಗ ರಾಹುಲನಿಗೆ ಹೇಳಿದ್ದು. ರಾಹುಲನದು ನಿಮಗೆ ಇಷ್ಟವಾದೀತು. ಕಾಲು ತೊಳೆದು ಪಾತ್ರೆಯ ತಳದಲ್ಲಿ ಉಳಿದ ಒಂದಿಷ್ಟು ನೀರು ತೋರಿಸಿ, ಬೇಕೆಂದೇ ಸುಳ್ಳು ಹೇಳುವವರಲ್ಲಿ ಉಳಿಯುವ ಸನ್ಯಾಸ ಇಷ್ಟೇ ಎನ್ನುತ್ತಾನೆ. ಆ ನೀರನ್ನು ಚೆಲ್ಲುತ್ತಾನೆ, ಪಾತ್ರೆ ಬೋರಲು ಹಾಕುತ್ತಾನೆ, ಮತ್ತೆ ಎತ್ತಿ ಖಾಲಿ ಪಾತ್ರೆ ತೋರಿಸುತ್ತಾನೆ. ಒಳ್ಳೆಯ ಮೇಷ್ಟ್ರ ಪಾಠ.

ಸಾಂಚಿಯ ಬಗ್ಗೆ: ಖಂಡಿತ ಹೋಗಿ. ಭೋಪಾಲಿನಿಂದ 50 ಕಿಲೋಮೀಟರ್ ಒಳಗೇ ಇದೆ, ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಎಲ್ಲರೂ ದೊಡ್ಡ ಸ್ತೂಪದ ತೋರಣಗಳ ಮುಂದೆ ಫೋಟೋ ತೆಗೆದು ವಾಪಸ್ ಬರುತ್ತಾರೆ. ನೀವು ಪಕ್ಕದ 3ನೇ ಸ್ತೂಪಕ್ಕೂ ಹೋಗಿ. ಚಿಕ್ಕದು, ಒಂದೇ ತೋರಣ. 1851ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಕನ್ನಿಂಗ್‌ಹ್ಯಾಮ್ ಮತ್ತು ಮೈಸಿ ಇದನ್ನು ಅಗೆದಾಗ ಒಳಗೆ ಎರಡು ಕಲ್ಲಿನ ಪೆಟ್ಟಿಗೆ ಸಿಕ್ಕವು. ಒಂದರ ಮುಚ್ಚಳದ ಮೇಲೆ ಸಾರಿಪುತ್ತನ ಹೆಸರು, ಇನ್ನೊಂದರ ಮೇಲೆ ಮಹಾಮೊಗ್ಗಲ್ಲಾನನ ಹೆಸರು. ಬುದ್ಧನ ಇಬ್ಬರು ಮುಖ್ಯ ಶಿಷ್ಯರು ಇವರೇ. ಸಾರಿಪುತ್ತನದು ದಕ್ಷಿಣಕ್ಕೆ, ಮೊಗ್ಗಲ್ಲಾನನದು ಉತ್ತರಕ್ಕೆ. ಪೂರ್ವಕ್ಕೆ ಮುಖ ಮಾಡಿ ಕೂತ ಗುರುವಿನ ಬಲಗಡೆ ಒಬ್ಬ, ಎಡಗಡೆ ಒಬ್ಬ. ಒಳಗಿನ ಚಿಕ್ಕ ಕರಂಡದ ಮುಚ್ಚಳದಲ್ಲಿ ಮಸಿಯಿಂದ ಬರೆದ ಒಂದೊಂದೇ ಅಕ್ಷರ: ಒಂದರಲ್ಲಿ ‘ಸಾ’, ಇನ್ನೊಂದರಲ್ಲಿ ‘ಮ’. ಈ ಅವಶೇಷಗಳು ಲಂಡನ್ನಿಗೆ ಹೋಗಿ, ಶ್ರೀಲಂಕಾ ಸುತ್ತಿ, 1952ರಲ್ಲಿ ಸಾಂಚಿಗೆ ವಾಪಸ್ ಬಂದವು. ಈಗ ಬೆಟ್ಟದ ಮೇಲಿನ ಚೇತಿಯಗಿರಿ ವಿಹಾರದಲ್ಲಿವೆ. ನವೆಂಬರ್ ಕೊನೆಗೆ ಅಲ್ಲಿ ವರ್ಷದ ಉತ್ಸವ, ಆಗ ಹೊರಗೆ ತೆಗೆದು ದರ್ಶನಕ್ಕಿಡುತ್ತಾರೆ. ಜನ ಸಿಕ್ಕಾಪಟ್ಟೆ ಇರುತ್ತದೆ, ಶ್ರೀಲಂಕಾದವರೂ ತುಂಬ ಬರುತ್ತಾರೆ. ಟಿಕೆಟ್ ಬುಕ್ ಮಾಡುವ ಮೊದಲು ಮಗನಿಗೆ ಹೇಳಿ ಆ ವರ್ಷದ ತಾರೀಕು ವಿಚಾರಿಸಿಕೊಳ್ಳಿ.

— ಸಂ.